ಇನ್ನೊಬ್ಬರ ಸಿನಿಮಾಕ್ಕೆ ನನ್ನ ಗಂಟಲು

ಬೇರೆ ಯಾರೋ ಹೇಳಿ ನನ್ನ ಮಾನ ಕಳೆಯುವುದಕ್ಕಿಂತ ನಾನೇ ಮೊದಲು ಕಳೆದುಕೊಂಡುಬಿಡುತ್ತೇನೆ. ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯ ಬಗ್ಗೆ ಕಿರುಚಿತ್ರ ಮಾಡಿದ್ದಳು. ಆ ತಾಯಿಯ ದನಿಯನ್ನು ಅನುಕರಿಸಿ, ಮೈಕಿನ ಮುಂದೆ ಕೂತು, ಆಕೆ ಜನ್ಮದಲ್ಲಿ ಆಡದ ಮಾತುಗಳನ್ನೆಲ್ಲ ಆಡಿ ಅತ್ತವನು ನಾನು. ಚೆನ್ನಾಗಿಯೇ ಅತ್ತೆ. ವಿಭಾಗದ ಮುಖ್ಯಸ್ಥರು ಕರವಸ್ತ್ರ ತೆಗೆದರು, ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದರು. ಸಿನಿಮಾ ಮಾಡಿದ ಹುಡುಗಿ ಮಾತ್ರ ಅಳಲಿಲ್ಲ. ಅವಳ ಚಿತ್ರ ಅವಳ ಕೈತಪ್ಪಿ ಹೋಗಿತ್ತು. ಅದು ಅವಳಿಗೆ ತಿರುಗಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ನನ್ನ ಕೆಲಸದ ಕೊನೆಯ ದಿನಗಳು ಕಳೆದವು.

ಇದನ್ನು ಈಗ ಬರೆಯಲು ಕಾರಣ, ಬಾಗಲಕೋಟೆಯ ನಮ್ಮ ಕಾಲೇಜಿನ ಪತ್ರಿಕೋದ್ಯಮ ವಿಭಾಗದಲ್ಲಿ ನನ್ನ ಕುರ್ಚಿಗೆ ಬಂದಿರುವ ಹೊಸ ಮೇಡಂ. ಮೊನ್ನೆ ಫೋನ್ ಮಾಡಿ, "ದಾವಲ್ ಸರ, ಹುಡುಗರ ಕಡಿಂದ ಪ್ರಾಜೆಕ್ಟ್ ಮಾಡಿಸೂದ ಹೆಂಗ್ರಿ? ಕ್ರಿಯೇಟಿವಿಟಿ ಹೆಂಗ ಕಲಸ್ತಿದ್ರಿ?" ಎಂದು ಕೇಳಿದರು. ಹಳೆಯ ಚಾಳಿ ನೋಡಿ, ಅವರದೇ ದನಿಯಲ್ಲಿ "ಹೆಂಗ ಕಲಸ್ತಿದ್ರಿ?" ಎಂದು ತಿರುಗಿ ಕೇಳಿಬಿಟ್ಟೆ. ಫೋನ್ ಕಟ್ಟಾಯಿತು. ಹಾಗಾಗಿ ಉತ್ತರವನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೇನೆ. ಕಾಗದದ ಮೇಲೆ ಯಾರ ದನಿ ತೆಗೆಯಲೂ ನನಗೆ ಬರುವುದಿಲ್ಲ.

ಕುರ್ಚಿ ಬಿಟ್ಟವನು ಎಂದ ಕೂಡಲೇ ನಿವೃತ್ತಿ, ನರೆತ ತಲೆ, ಶಾಲು, ಹಣ್ಣಿನ ಬುಟ್ಟಿ ಎಂದು ಕಲ್ಪಿಸಿಕೊಳ್ಳಬೇಡಿ. ನನಗೆ ಮೂವತ್ತು ದಾಟಿದೆ, ಅಷ್ಟೇ. ನಾನಿದ್ದದ್ದು ಅತಿಥಿ ಉಪನ್ಯಾಸಕನಾಗಿ. ಅತಿಥಿಗಳು ಎದ್ದು ಹೋಗುವ ಹೊತ್ತನ್ನು ಮನೆಯವರೇ ನೆನಪಿಸುವುದು ಸರ್ಕಾರದ ಪದ್ಧತಿ. ನೆನಪಿಸಿದರು, ಎದ್ದು ಬಂದೆ. ಈಗ ಲಗ್ನಗಳಲ್ಲಿ, ಶಾಲೆಯ ಗ್ಯಾದರಿಂಗ್‌ಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಬಡ್ತಿಯ ವಿಷಯ ಇಲ್ಲಿ ಬರೆಯುವುದಿಲ್ಲ. ಸಿಕ್ಕಿದ್ದರೆ ಖಂಡಿತ ಬರೆಯುತ್ತಿದ್ದೆ.

ನಮ್ಮ ವಿಭಾಗದ ಮುಖ್ಯಸ್ಥರು ಪಾಟೀಲ ಸರ್. ಪ್ರತಿ ಮಾತಿಗೂ ಮುಂಚೆ ಅವರು ಎರಡು ಕಂತಿನಲ್ಲಿ ಕೆಮ್ಮುತ್ತಿದ್ದರು. ಚಳಿಯಲ್ಲಿ ಹಳೆಯ ಟ್ರ್ಯಾಕ್ಟರ್ ಚಾಲೂ ಮಾಡಿದ ಹಾಗೆ, ಮೊದಲ ಸಲ ಹತ್ತದು, ಎರಡನೇ ಸಲಕ್ಕೆ ಹತ್ತೀತು. ಕೆಲಸಕ್ಕೆ ಸೇರಿದ ವಾರವೇ ನಾನು ಸ್ಟಾಫ್ ರೂಮಿನಲ್ಲಿ ಅದನ್ನು ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ.

"ಕೆಮ್ಮು ಬರೋಬ್ಬರಿ ಐತಿ," ಎಂದರು ಪಾಟೀಲ ಸರ್. "ಆದ್ರ ನಾ ಕೆಮ್ಮಿದ ಮ್ಯಾಲ ಒಂದ ವಿಚಾರ ಹೇಳ್ತೇನಿ. ನೀ ಬರೇ ಕೆಮ್ಮಿ ಬಿಟ್ಟಿ."

ಆಮೇಲೆ ಚಹಾ ತರಿಸಿದರು. ಅಂಥ ಮನುಷ್ಯ. ಬೈಯುವಾಗಲೂ ಚಹಾ ಕುಡಿಸಿ ಬೈಯುತ್ತಿದ್ದರು.

ಕೆಲಸದ ಜಾಗ ಹೇಗಿತ್ತೆಂದು ಹೇಳಬೇಕು. ಮೂರನೇ ಮಹಡಿಯಲ್ಲಿ ಒಂದು ಲ್ಯಾಬ್, ಅದರ ಮೂಲೆಯಲ್ಲಿ ಸದ್ದು ಹೀರಲೆಂದು ಗೋಡೆಗೆಲ್ಲ ತತ್ತಿ ಇಡುವ ಟ್ರೇ ಅಂಟಿಸಿದ ಒಂದು ಗೂಡು. ಆ ಗೂಡೇ ನಮ್ಮ ರೆಕಾರ್ಡಿಂಗ್ ಸ್ಟುಡಿಯೋ. ಒಳಗೆ ಹೋದರೆ ಫ್ಯಾನ್ ಆರಿಸಬೇಕು, ಇಲ್ಲವಾದರೆ ಫ್ಯಾನಿನ ಸಂದರ್ಶನ ಮಾಡಿದಂತೆ ಆಗುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಆ ಗೂಡಿನಲ್ಲಿ ಕೂತು ಓದಿದ ವಾರ್ತೆಯಲ್ಲಿ ಎಲ್ಲ ಸುದ್ದಿಯೂ ಶೋಕವಾರ್ತೆಯೇ. ಒಂದು ಕ್ಯಾಮೆರಾ ಇತ್ತು. ಅದರ ಸ್ಟ್ಯಾಂಡಿನ ಒಂದು ಕಾಲಿಗೆ ಸೈಕಲ್ ಟ್ಯೂಬ್ ಬಿಗಿದಿದ್ದೆವು.

ಪ್ರತಿ ವರ್ಷ ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರೂ ಒಂದೊಂದು ಕಿರುಚಿತ್ರ ಮಾಡಬೇಕು. ಪ್ರತಿ ವರ್ಷವೂ ಎಲ್ಲರೂ ಬಾದಾಮಿಗೆ ಹೋಗುತ್ತಿದ್ದರು. ಮೊದಲು ಕೆಂಪು ಬಂಡೆ, ಮೇಲಿಂದ ಕೆಳಗೆ. ಹಿಂದೆ ಕೊಳಲು. ಆಮೇಲೆ "ಶಿಲ್ಪಕಲೆಯ ತವರೂರಾದ ಈ ಪುಣ್ಯಭೂಮಿಯಲ್ಲಿ" ಎಂದು ಒಂದು ದನಿ. ಆ ದನಿಯ ಒಡೆಯ ಶಿರೂರಿನವನು, ಕ್ಯಾಂಟೀನಿನಲ್ಲಿ "ಲೇ, ಮಿರ್ಚಿ ತಗೊಂಬಾರ್ಲೇ" ಎಂದು ಮೂರು ಮಹಡಿಗೆ ಕೇಳುವಂತೆ ಕೂಗುವವನು, ಮೈಕ್ ಕಂಡ ಕೂಡಲೇ ಮೈಸೂರಿನ ಕಡೆಯ ಅಳಿಯನಾಗಿಬಿಡುತ್ತಿದ್ದ. ಕೊನೆಗೆ ಕೆರೆಯ ನೀರಿನಲ್ಲಿ ಸೂರ್ಯ ಮುಳುಗುವುದು. ಮೂರನೆಯ ವರ್ಷದ ಹೊತ್ತಿಗೆ ಚಿತ್ರ ಹಚ್ಚುವ ಮೊದಲೇ ನಾನು ಅದರ ಮಾತನ್ನೆಲ್ಲ ಒಪ್ಪಿಸುತ್ತಿದ್ದೆ.

ವಿದ್ಯಾರ್ಥಿಗಳನ್ನು ಹೀಗೆ ಗೇಲಿ ಮಾಡುವುದು ಸುಲಭ. ಆದರೆ ಆ ಅಚ್ಚು ಅವರಿಗೆ ಎಲ್ಲಿಂದ ಬಂತು? ನಾನೇ ಕೊಟ್ಟದ್ದು. ಮೊದಲ ತರಗತಿಯಲ್ಲೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ: ದೂರದ ದೃಶ್ಯ, ಸಂಗೀತ, ನಿರೂಪಣೆ, ಒಂದು ಸಂದರ್ಶನ, ಸೂರ್ಯಾಸ್ತ. ಬರೆದು, ಕೈ ಜಾಡಿಸಿಕೊಂಡು, "ಇನ್ನ ಸ್ವಲ್ಪ ಕ್ರಿಯೇಟಿವ್ ಆಗಿ ಮಾಡ್ರಿ" ಎನ್ನುತ್ತಿದ್ದೆ. ಹುಡುಗರು ಕ್ರಿಯೇಟಿವ್ ಆಗಿ ಕೊಳಲಿನ ಬದಲು ಪಿಟೀಲು ಹಾಕಿಕೊಂಡು ಬರುತ್ತಿದ್ದರು.

ಒಬ್ಬ ಮಾತ್ರ ತಪ್ಪಿದ. ತಪ್ಪಿಸಿದ್ದು ಮಂಗ.

ಮಂಜು ಎಂಬ ಹುಡುಗ, ತುಳಸಿಗೇರಿಯವನು. ಬಾದಾಮಿಯ ಮೆಟ್ಟಿಲ ಮೇಲೆ ನಿಂತು, ಅಂಗಿಗೆ ತಂತಿಯಿಲ್ಲದ ಪುಟ್ಟ ಮೈಕ್ ಸಿಕ್ಕಿಸಿಕೊಂಡು ಇತಿಹಾಸ ಹೇಳುತ್ತಿದ್ದ. ಮಂಗವೊಂದು ಬಂದು ಆ ಮೈಕನ್ನೇ ಕಿತ್ತುಕೊಂಡು ಬಂಡೆ ಏರಿತು. ಮೈಕ್ ಚಾಲೂ ಇತ್ತು. ಕೆಳಗೆ ಕ್ಯಾಮೆರಾ ಎಲ್ಲವನ್ನೂ ಹಿಡಿಯುತ್ತಿತ್ತು. ಮಂಗನ ಉಸಿರು, ಉಗುರಿನಿಂದ ಮೈಕನ್ನು ಕೆರೆಯುವ ಸದ್ದು, ಮರಿಯ ಕಿಚಿಕಿಚಿ. ಕೆಳಗಿನಿಂದ ಗೈಡ್ ಪ್ರವಾಸಿಗರಿಗೆ ಕೂಗಿ ಹೇಳುತ್ತಿದ್ದ: "ಅದು ಮಂಗ್ಯಾರಿ! ಇತಿಹಾಸ ಈ ಕಡೆ ಐತಿ, ಈ ಕಡೆ ನೋಡ್ರಿ!" ಕೊನೆಗೆ ಚುರಮುರಿ ಪೊಟ್ಟಣ ಕೊಟ್ಟು ಮೈಕ್ ಬಿಡಿಸಿಕೊಂಡರು.

ಮಂಜು ಆ ಸದ್ದನ್ನು ಹಾಗೇ ಇಟ್ಟು, ಮೇಲೆ ಗುಹೆಯ ಕಂಬಗಳ ದೃಶ್ಯ ಹಾಕಿಕೊಂಡು ಬಂದ. ಬಾದಾಮಿಯನ್ನು ಮಂಗ ನೋಡುತ್ತಿದೆ, ನಾವು ಅದರ ಕಿವಿಯಲ್ಲಿ ಕೇಳುತ್ತಿದ್ದೇವೆ, ಹಾಗಿತ್ತು. ತರಗತಿ ಬಿದ್ದು ಬಿದ್ದು ನಕ್ಕಿತು, ಆಮೇಲೆ ಸುಮ್ಮನೆ ಕೇಳಿತು. ನಾನೇನು ಮಾಡಿದೆ? ಮೈಕಿನ ಕವರ್ ಹರಿದ ಸಿಟ್ಟಿನಲ್ಲಿದ್ದೆ. "ಶಬ್ದ ಸ್ವಚ್ಛ ಇಲ್ಲ, ತಗೀ" ಎಂದೆ. ಪಾಪ, ತೆಗೆದ. ಕೊಳಲು ಹಾಕಿದ.

ಅಂತಿಮ ಪ್ರದರ್ಶನದಲ್ಲಿ, ಮೊದಲ ಕರಡನ್ನೂ ನೋಡಿದ್ದ ಪಾಟೀಲ ಸರ್ ಎರಡು ಸಲ ಕೆಮ್ಮಿ ಕೇಳಿದರು. "ಮಂಗ್ಯಾ ಎಲ್ಲಿ ಹೋತಪಾ?"

"ತಗದೇವ್ರಿ ಸರ," ಎಂದೆ ನಾನು. "ಡಿಸ್ಟರ್ಬ್ ಆಗ್ತಿತ್ತು."

"ಅದೊಂದ ಹೊಸಾದ ಇತ್ತಲ್ಲೋ," ಎಂದರು. ಅಷ್ಟೇ. ನನಗೆ ಅಷ್ಟರಿಂದಲೇ ಬುದ್ಧಿ ಬರಬೇಕಿತ್ತು. ನಾನು ಆ ವಾಕ್ಯವನ್ನು ಕೆಮ್ಮಿನ ಸಮೇತ ಕಲಿತು, ಸಂಜೆ ಕ್ಯಾಂಟೀನಿನಲ್ಲಿ ಮಾಡಿ ತೋರಿಸಿದೆ.

ಆಮೇಲೆ ಕಾಲ ಬದಲಾಯಿತು. ಕ್ಯಾಮೆರಾ ಕಪಾಟು ಸೇರಿತು, ಎಲ್ಲರ ಕೈಯಲ್ಲೂ ಅದಕ್ಕಿಂತ ಒಳ್ಳೆಯ ಫೋನ್ ಬಂತು. ಸೈಕಲ್ ಟ್ಯೂಬ್ ಬಿಗಿಯುವ ನನ್ನ ವಿದ್ಯೆ ನಿರುಪಯೋಗಿಯಾಯಿತು. ಅದರ ಹಿಂದೆಯೇ ಬರೆದುಕೊಡುವ, ಓದಿಕೊಡುವ ಯಂತ್ರದ ಆ್ಯಪ್‌ಗಳು ಬಂದವು. ಒಂದು ವರ್ಷ ಇಡೀ ಬ್ಯಾಚಿನ ಚಿತ್ರಗಳಿಗೆ ಒಬ್ಬನೇ ಗಂಡಸು ನಿರೂಪಣೆ ಕೊಟ್ಟಿದ್ದ. ಹುಟ್ಟೂರಿಲ್ಲದ, ಹಸಿವಿಲ್ಲದ, ನೆಗಡಿಯೇ ಆಗದ ದನಿ. ನಾನು ಆ ಯಂತ್ರದ ದನಿಯಲ್ಲೇ ಹಾಜರಿ ಕೂಗಿ ತರಗತಿಯನ್ನು ನಗಿಸಿದೆ, ಆಮೇಲೆ ಮೇಜು ಗುದ್ದಿ ಹೇಳಿದೆ: "ನನ್ನ ಕ್ಲಾಸಿನ್ಯಾಗ ಇನ್ನ ಮ್ಯಾಲ ಸುಳ್ಳ ದನಿ ನಡೆಯಂಗಿಲ್ಲ. ಖರೇ ಮನಷ್ಯಾರ ಖರೇ ಮಾತು ಬೇಕು." ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗಿ ತಲೆಯಾಡಿಸಿದಳು. ಅವಳು ಆ ಮಾತನ್ನು ನಂಬಿದ್ದಳು.

ಅವಳೇ ಪವಿತ್ರಾ, ಇಳಕಲ್ಲಿನವಳು. ಅವಳ ತಾಯಿ ನೀಲವ್ವ ಮನೆಯಲ್ಲೇ, ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂರುವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. ತಂದೆ ಈರಪ್ಪ ಟಂಟಂ ಆಟೋ ಹೊಡೆಯುತ್ತಾರೆ. ಪ್ರಾಜೆಕ್ಟ್ ವಿಷಯ ಹೇಳುವ ದಿನ ಪವಿತ್ರಾ ಎದ್ದು ನಿಂತು, "ನಮ್ಮವ್ವನ ಮ್ಯಾಲ ಮಾಡ್ತೇನ್ರಿ ಸರ" ಎಂದಳು.

"ಭಾಳ ಚಲೋ. ಹೆಸರ ಬರ್ಕೋ: ನೇಕಾರ ಮಹಿಳೆಯ ಬದುಕು ಮತ್ತು ಬವಣೆ."

"ಬವಣಿ ಅಂದ್ರ ಕಷ್ಟ ಅಲ್ರಿ ಸರ?"

"ಹೂಂ."

ಸ್ವಲ್ಪ ಯೋಚಿಸಿದಳು. "ನಮ್ಮವ್ವಗ ಕಷ್ಟ ಅಂದ್ರ ನನ್ನ ತಮ್ಮ ಉಣ್ಣೂ ಮುಂದ ಫೋನ್ ನೋಡೂದು. ಅದನ್ನ ಹಾಕ್ಲೇನ್ರಿ?"

ತರಗತಿ ನಕ್ಕಿತು. ನಾನು ಅವಳ ದನಿಯಲ್ಲಿ ಅದನ್ನೇ ಒಮ್ಮೆ ಹೇಳಿ ಇನ್ನಷ್ಟು ನಗಿಸಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಬವಣೆ ಎಂದು ಬರೆದುಕೊಳ್ಳಲೂ ಇಲ್ಲ.

ಆ ವರ್ಷ ಪಾಟೀಲ ಸರ್ ಎರಡು ಹೊಸ ಏರ್ಪಾಡು ಮಾಡಿದ್ದರು. ವಿಭಾಗದಿಂದ ಒಂದೇ ಒಂದು ಚಿತ್ರವನ್ನು ಧಾರವಾಡದಲ್ಲಿ ನಡೆಯುವ ವಿದ್ಯಾರ್ಥಿ ಚಿತ್ರೋತ್ಸವಕ್ಕೆ ಕಳಿಸುವುದು. ಅದಕ್ಕೂ ಮೊದಲು ಅದನ್ನು ತೆಗೆದ ಊರಿನಲ್ಲೇ, ತೆಗೆಸಿಕೊಂಡವರ ಮುಂದೆಯೇ ತೋರಿಸುವುದು. ಪವಿತ್ರಾಳಿಗೆ ಧಾರವಾಡದ ಆಸೆ ಇತ್ತು. ಅದಕ್ಕಿಂತ ಹೆಚ್ಚು, ತನ್ನ ಓಣಿಯ ಹೆಂಗಸರೆಲ್ಲ ಕೂತು ತನ್ನ ಅವ್ವನನ್ನು ಪರದೆಯ ಮೇಲೆ ನೋಡಬೇಕೆಂಬ ಆಸೆ.

ಒಮ್ಮೆ ನಾನೂ ನೋಡಲು ಹೋದೆ. ಹುನಗುಂದದಲ್ಲಿ ಬಸ್ಸು ಬದಲಿಸಿ, ಇಳಕಲ್ಲಿನಲ್ಲಿ ಇಳಿದು, ಮಗ್ಗದ ಟಕಟಕ ಹಿಡಿದುಕೊಂಡೇ ಮನೆ ಮುಟ್ಟಿದೆ. ನೀಲವ್ವ ಕುಣಿಯಲ್ಲಿ ಕಾಲಿಟ್ಟು ಕೂತಿದ್ದರು. ಪವಿತ್ರಾ ಫೋನ್ ಹಿಡಿದು, "ಅವ್ವಾ, ಮಾತಾಡು" ಎಂದಳು. ನೀಲವ್ವ ಸೆರಗು ಸರಿಮಾಡಿಕೊಂಡು, ಧ್ವಜವಂದನೆಗೆ ನಿಂತವರಂತೆ ನೆಟ್ಟಗಾಗಿ, "ನನ್ನ ಹೆಸರು ನೀಲಮ್ಮ. ನಮ್ಮ ಊರು ಇಳಕಲ್" ಎಂದು ನಿಲ್ಲಿಸಿದರು. ಮುಂದೆ ಒಂದು ಅಕ್ಷರ ಇಲ್ಲ. ಫೋನ್ ಕೆಳಗಿಟ್ಟ ಕೂಡಲೇ ಕಟ್ಟೆ ಒಡೆದ ಹಾಗಾಯಿತು.

"ಮುಗೀತೇನ? ಅಲ್ಲಾ, ಸರ, ನಿಮಗ ಲಗ್ನ ಆಗೇತೇನ್ರಿ? ಯಾಕ ಆಗಿಲ್ಲ? ಮೈಯಾಗ ಚಲೋ ಅದೀರಿ, ನೌಕರಿ ಐತಿ. ಏ ಈರಪ್ಪಾ, ಸರಗೆ ಚಾ ಮಾಡು, ಸಕ್ರಿ ಕಡಿಮಿ ಹಾಕು, ಮೊದಲ ಹೊಟ್ಟಿ ಐತಿ ಅವರಿಗಿ!"

ಈರಪ್ಪ ಆಗಲೇ ಒಲೆಯ ಮುಂದಿದ್ದರು. ಆ ಮನೆಯಲ್ಲಿ ಚಹಾದ ಖಾತೆ ಅವರದೇ. ಮಗ್ಗದಿಂದ ಎದ್ದರೆ ಹೆಂಡತಿಯ ಲಯ ತಪ್ಪುತ್ತದೆಂದು ಟಂಟಂ ನಿಲ್ಲಿಸಿ ಬಂದು ಬಂದು ಮಾಡಿಕೊಡುತ್ತಿದ್ದರು.

ನೀಲವ್ವನ ದನಿಯಲ್ಲಿ ಒಂದು ಮೂಗಿನ ಎಳೆ ಇತ್ತು. ಎಲ್ಲ ಮಾತೂ "ಅಲ್ಲಾ" ಎಂದು ಶುರು, ಕೊನೆಯ ಪದ ಸ್ವಲ್ಪ ಉದ್ದ. ಚಹಾ ಮುಗಿಯುವಷ್ಟರಲ್ಲಿ ನಾನು ಹಿಡಿದುಬಿಟ್ಟೆ. "ಅಲ್ಲಾ, ಈರಪ್ಪಾ, ಸರಗೆ ಇನ್ನೊಂದ ಕಪ್ ಕೊಡೂ" ಎಂದೆ. ನೀಲವ್ವ ಲಾಳಿ ಬಿಟ್ಟು ನಕ್ಕರು. "ಅಯ್ಯ ಶಿವನ, ನನ್ನ ಗಂಟಲಾ ಕಸಗೊಂಡ ಬಿಟ್ರಲ್ರಿ!"

ಆಗ ಅದು ತಮಾಷೆಯೇ ಆಗಿತ್ತು.

ಅಂತಿಮ ಪ್ರದರ್ಶನದ ಹಿಂದಿನ ದಿನ ಪವಿತ್ರಾ ತನ್ನ ಚಿತ್ರದ ಕರಡನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ಇಟ್ಟು ಊರಿಗೆ ಹೋದಳು. ಮಧ್ಯಾಹ್ನ ನಾನು ನೋಡಿದೆ. ನಿರೂಪಣೆ ಇಲ್ಲ. ಸಂದರ್ಶನ ಇಲ್ಲ. ಸಂಗೀತವೂ ಇಲ್ಲ, ಬರೀ ಮಗ್ಗ. ನಡುವೆ ನಡುವೆ ನೀಲವ್ವ, "ತಗೀ ಅದನ್ನ", "ಉಂಡಿ ಏನ", "ಬೆಳಕಿಗಿ ಅಡ್ಡ ನಿಂತಿ ನೋಡ" ಎಂದು ಮಗಳಿಗೆ ಬೈಯುವುದು. ಎಲ್ಲಕ್ಕಿಂತ ಕೆಟ್ಟದಾಗಿ, ಕೊನೆಯಲ್ಲಿ ಒಂದು ಉದ್ದನೆಯ ಸೊಟ್ಟ ದೃಶ್ಯ. ಫೋನನ್ನು ಯಾರೋ ನೆಲದ ಮೇಲೆ ಇಟ್ಟು ಮರೆತಂತೆ. ಅರ್ಧ ಪರದೆಗೆ ಪವಿತ್ರಾಳದೇ ಮೊಣಕೈ ಅಡ್ಡ.

ಪಾಪದ ಹುಡುಗಿ ಮುಗಿಸಲು ಆಗದೆ ಬಿಟ್ಟು ಹೋಗಿದ್ದಾಳೆ ಎಂದುಕೊಂಡೆ. ಖಂಡಿತ ನಪಾಸು ಎಂದುಕೊಂಡೆ. ನನ್ನ ಮನಸ್ಸು ಕರಗಿತು. ಹೊಸ ಮೇಡಂಗೆ ಒಂದು ಮಾತು ಹೇಳಬೇಕು: ಈ ಕೆಲಸದಲ್ಲಿ ನಮ್ಮ ಸಿಟ್ಟಿನಿಂದ ಆಗುವ ಹಾನಿಗಿಂತ ನಮ್ಮ ಕರುಣೆಯಿಂದ ಆಗುವುದು ಹೆಚ್ಚು. ಸಿಟ್ಟು ಬಂದರೆ ಅಂಕ ಕಡಿಮೆ ಕೊಡುತ್ತೇವೆ. ಕರುಣೆ ಬಂದರೆ ಮೌಸ್ ಕಸಿದುಕೊಳ್ಳುತ್ತೇವೆ.

ಫ್ಯಾನ್ ಆರಿಸಿ ತತ್ತಿ ಟ್ರೇಯ ಗೂಡಿನೊಳಗೆ ಕೂತೆ. ನೀಲವ್ವನ ದನಿ ತೆಗೆದೆ. "ಅಲ್ಲಾ, ಯಾರಿಗಿ ಹೇಳ್ಲಿ ನನ್ನ ಸಂಕಟಾ? ಈ ಕುಣಿಯೊಳಗ ಇಳದಾಕಿ ಮ್ಯಾಲ ಏಳಲೇ ಇಲ್ಲ. ಊರ ಮಂದಿಗಿ ಬಣ್ಣದ ಸೀರಿ ನೇಯ್ದೆ, ನನ್ನ ಬಾಳಿಗಿ ಬಣ್ಣಾ ಬರಲಿಲ್ಲ. ದಣದ ಕುಂತ್ರ ಒಂದ ಕಪ್ ಚಾ ಕೊಡಾವ್ರೂ ನನಗಿಲ್ಲ..." ಎಲ್ಲಿಂದ ಬಂತೋ ಆ ಮಾತು! ಬರೆದುಕೊಂಡಿರಲಿಲ್ಲ, ತಾನಾಗಿ ಹರಿಯಿತು. ಕೊನೆಗೆ ಖರೇ ಅಳು ಬಂತು, ಬೆವರು ಬೇರೆ. ಗೂಡಿನಿಂದ ಹೊರಬಂದಾಗ ನಾನು ಮಳೆಯಲ್ಲಿ ನೆನೆದ ನೀಲವ್ವನಂತೆ ಇದ್ದೆ. ಗಂಡಸಿನ ಗಂಟಲು ಎಂದು ಗೊತ್ತಾಗದಂತೆ ದನಿಯನ್ನು ತುಸು ಏರಿಸಿದೆ, ಅಡಿಯಲ್ಲಿ ಮಗ್ಗದ ಸದ್ದು ಹಾಸಿದೆ. ಬೈಗುಳ ತೆಗೆದೆ. ಸೊಟ್ಟ ದೃಶ್ಯ ಪೂರ್ತಿ ಕತ್ತರಿಸಿದೆ. ಕೊನೆಗೆ ಸೂರ್ಯಾಸ್ತ. ಇಳಕಲ್ಲಿನದು ಇರಲಿಲ್ಲ, ಬಾದಾಮಿಯದನ್ನೇ ಹಾಕಿದೆ.

ಮರುದಿನ ಪ್ರದರ್ಶನ. ಬಸ್ಸು ತಡವಾದ್ದರಿಂದ ಪವಿತ್ರಾ ಕೊನೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಅವಳಿಗೆ ಹೇಳಲು ನನಗೆ ವೇಳೆ ಸಿಗಲಿಲ್ಲ. ಖರೆ ಹೇಳಬೇಕೆಂದರೆ, ಅವಳನ್ನು ಚಕಿತಗೊಳಿಸುವ ಆಸೆಯೂ ಇತ್ತು. ದನಿ ಶುರುವಾದ ಕೂಡಲೇ ಅವಳು ಎದ್ದು ನಿಂತಳು, ಅವ್ವ ಎಲ್ಲೋ ಕೋಣೆಯಲ್ಲೇ ಇದ್ದಾರೆ ಎನ್ನುವಂತೆ ಸುತ್ತ ನೋಡಿದಳು. ಆಮೇಲೆ ನನ್ನನ್ನು ನೋಡಿ ಕೂತಳು. ಪರೀಕ್ಷಕರು ಕನ್ನಡಕ ಒರೆಸಿಕೊಳ್ಳುತ್ತ, "ತಾಯಿಯ ಒಡಲಿನಿಂದ ಬಂದ ದನಿ. ಧಾರವಾಡಕ್ಕೆ ಇದೇ ಹೋಗಬೇಕು" ಎಂದರು. ಚಪ್ಪಾಳೆ ಬಿತ್ತು. ಎಲ್ಲರೂ ಪವಿತ್ರಾಳ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿದ್ದರು, ಅವಳು ತನ್ನ ಚೀಲದ ಜಿಪ್ಪು ಹಾಕುತ್ತ ತೆಗೆಯುತ್ತ ಕೂತಿದ್ದಳು.

ಹೊರಗೆ ವರಾಂಡದಲ್ಲಿ ಹಿಡಿದಳು. "ಸರ, ಅದು ನಮ್ಮವ್ವ ಅಲ್ರಿ."

"ದನಿ ಕೂಡಿ ಬಂದಿಲ್ಲೇನು?"

"ದನಿ ಅಕಿದ ಐತ್ರಿ, ಅದಕ್ಕ ಅಂಜಿಕಿ ಬರಾಕತ್ತೈತಿ. ಇನ್ನ ಇದನ್ನ ನಮ್ಮ ಓಣ್ಯಾಗ ತೋರಸ್ತಾರ. ಗಂಡ ಚಾ ಸೈತ ಕೊಡಂಗಿಲ್ಲ ಅಂತ ನೀಲವ್ವ ಅಳಾಕತ್ತಾಳ ಅಂತಾರ ಮಂದಿ. ನಮ್ಮಪ್ಪ ದಿನಾ ಟಂಟಂ ನಿಂದ್ರಿಸಿ ಬಂದ ಚಾ ಮಾಡ್ತಾನ್ರಿ. ನೀವೂ ಕುಡದೀರಿ."

"ನಿನ್ನ ಪಿಚ್ಚರ್ ಮುಗಿದಿರಲಿಲ್ಲಲ್ಲವಾ, ಅದಕ್ಕ..." ಎಂದೆ.

"ಮುಗಿದಿತ್ರಿ."

"ಕೊನಿಗಿ ಆ ಸೊಟ್ಟಂದು? ಫೋನ್ ಬಿದ್ದಿದ್ದು?"

"ಬಿದ್ದಿದ್ದಲ್ರಿ ಸರ, ಇಟ್ಟಿದ್ದು. ಸೆರಗಿನ ರೇಷ್ಮಿ ಎಳಿಗೂ ಸೀರಿ ಒಡಲಿನ ಎಳಿಗೂ ಒಂದೊಂದ ಕೊಂಡಿ ಹಾಕ್ಬೇಕು. ನಮ್ಮನ್ಯಾಗ ಅದಕ್ಕ ಇಬ್ಬರ ಕುಂದರ್ತೇವಿ, ಅವ್ವ ಅತ್ತಾಗ, ನಾ ಇತ್ತಾಗ. ಎರಡೂ ಕೈ ಬೇಕು. ಫೋನ್ ಯಾರ ಹಿಡೀಬೇಕ್ರಿ? ಅದಕ್ಕ ನೀರಿನ ಚರಿಗಿಗಿ ಆನಿಸಿ ಇಟ್ಟೆ. ಅದ ನನ್ನ ಪಿಚ್ಚರ್ರಿ. ಉಳದದ್ದೆಲ್ಲಾ ಅದಕ್ಕ ಹೋಗೂ ದಾರಿ."

ನಾನು ಕತ್ತರಿಸಿ ಬಿಸಾಕಿದ್ದು ಅದನ್ನೇ.

ಪಾಟೀಲ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರ ಕರವಸ್ತ್ರ ಇನ್ನೂ ಮೇಜಿನ ಮೇಲೆ ಒದ್ದೆಯಾಗಿ ಬಿದ್ದಿತ್ತು. ಅವರು ಅದನ್ನೂ ನನ್ನನ್ನೂ ನೋಡಿದರು. "ಅಂದ್ರ ನಾ ಅತ್ತದ್ದು ನಿನ್ನ ದನಿಗೇನೋ?"

"ಹೂಂ ಸರ."

"ಛೇ!" ಎಂದರು. ಅಂದು ಕೆಮ್ಮಲಿಲ್ಲ. ಚಹಾನೂ ತರಿಸಲಿಲ್ಲ.

ಆದರೆ ಗಂಟು ಬಿಡಿಸುವುದು ಸುಲಭವಿರಲಿಲ್ಲ. ಪರೀಕ್ಷಕರು ಆಗಲೇ ಧಾರವಾಡದವರಿಗೆ ಫೋನ್ ಮಾಡಿ ಹೊಗಳಿಬಿಟ್ಟಿದ್ದರು. ಪವಿತ್ರಾಳ ಮೂಲ ಚಿತ್ರ ಅವರಿಗೆ ಹಿಡಿಸದಿದ್ದರೆ? ಪಾಟೀಲ ಸರ್‌ಗೇ ಆ ಅನುಮಾನ ಇತ್ತು. ಮನುಷ್ಯ ಒಮ್ಮೆ ಅತ್ತ ಮೇಲೆ ಅದು ಸುಳ್ಳು ಎಂದು ಒಪ್ಪುವುದು ಕಷ್ಟ. ಕೊನೆಗೆ, "ಮನಿ ಅವರದು, ದನಿ ಅವರದು. ಆ ತಾಯಿನ ಕರಸು, ಎರಡೂ ತೋರಸೂಣು. ಅವರ ಹೇಳ್ಲಿ" ಎಂದರು.

ಪವಿತ್ರಾ ತನ್ನ ಚಿತ್ರವನ್ನು ಮತ್ತೆ ಜೋಡಿಸಿದಳು. ನಾನು ಪಕ್ಕದಲ್ಲಿ ಕೂತಿದ್ದೆ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು. ಹಾಗೆ ಕೂರಲು ಅವಳೇನೂ ಹೇಳಿರಲಿಲ್ಲ, ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಆ ಮೊಣಕೈಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಆಗ. ಮೊಣಕೈ ಸರಿದಾಗಲೆಲ್ಲ ಅದರ ಸಂದಿಯಲ್ಲಿ ತಾಯಿಯ ಬೆರಳು ಕಾಣುತ್ತಿತ್ತು, ಒಂದು ಎಳೆ ಸಿಕ್ಕಿಸಿ ಮುಂದಿನದಕ್ಕೆ ಹೋಗುತ್ತಿತ್ತು. ಮತ್ತೆ ಮೊಣಕೈ ಮುಚ್ಚುತ್ತಿತ್ತು. ಹೇಗೆ ತೆಗೆಯಬೇಕೆಂದು ನಾನು ಬೋರ್ಡಿನ ಮೇಲೆ ಬರೆದ ಯಾವುದೂ ಅದರಲ್ಲಿ ಇರಲಿಲ್ಲ.

"ಅವ್ವ ಯಾವದ ಆರಸ್ತಾರ ಅನಸ್ತೈತಿ?" ಎಂದು ಕೇಳಿದೆ.

"ದೊಡ್ಡಾವ್ರ ಹೇಳಿದಂಗ ಕೇಳ್ಬೇಕು ಅಂತಾಳ್ರಿ ಯಾವಾಗ್ಲೂ," ಎಂದಳು ಪವಿತ್ರಾ, ಪರದೆಯಿಂದ ಕಣ್ಣು ತೆಗೆಯದೆ. "ನೀವೆಲ್ಲಾ ಅತ್ತೀರಿ ಅಂದ್ರ ಅದ ಇರಲಿ ಅಂದ್ರೂ ಅಂದಾಳು."

ನೀಲವ್ವ, ಈರಪ್ಪ ಟಂಟಂನಲ್ಲೇ ಬಂದರು. ಲ್ಯಾಬಿನಲ್ಲಿ ಪಾಟೀಲ ಸರ್ ತಾವೇ ಕುರ್ಚಿ ಸರಿಸಿ ನೀಲವ್ವನನ್ನು ಪರದೆಯ ಮುಂದೆ ಕೂರಿಸಿದರು. ಈರಪ್ಪ ಎಷ್ಟು ಹೇಳಿದರೂ ಕೂರದೆ ಬಾಗಿಲ ಹತ್ತಿರ ನಿಂತರು. ನಾನು ಕಂಪ್ಯೂಟರಿನ ಹಿಂದೆ ಅವಿತುಕೊಂಡಂತೆ ಇದ್ದೆ.

ಮೊದಲು ನನ್ನದು. ತನ್ನ ದನಿ ತನಗೇ ಗೊತ್ತಿಲ್ಲದ ಮಾತು ಆಡುವುದನ್ನು ನೀಲವ್ವ ತಲೆ ಓರೆ ಮಾಡಿ ಕೇಳಿದರು. ಒಮ್ಮೆ ಕೈಯಿಂದ ಕತ್ತನ್ನು ಮುಟ್ಟಿ ನೋಡಿಕೊಂಡರು. "ಒಂದ ಕಪ್ ಚಾ ಕೊಡಾವ್ರೂ ನನಗಿಲ್ಲ" ಎಂದು ಪರದೆ ಅತ್ತಾಗ ಬಾಗಿಲಿನಿಂದ ಈರಪ್ಪನ ಸಣ್ಣ ದನಿ ಬಂತು. "ಏ ನೀಲಾ, ನಾ ಚಾ ಕೊಟ್ಟಿಲ್ಲೇನ?" ಯಾರೂ ನಗಲಿಲ್ಲ. ನನಗೆ ಆ ಕೋಣೆಯ ಫ್ಯಾನ್ ಕೂಡ ಆರಿಸಿದ ಹಾಗೆ ಅನ್ನಿಸಿತು.

ಆಮೇಲೆ ಪವಿತ್ರಾಳದು. ಮಗ್ಗದ ಸದ್ದು. "ಬೆಳಕಿಗಿ ಅಡ್ಡ ನಿಂತಿ ನೋಡ, ಸರಿ." ನೀಲವ್ವನ ಮುಖದ ಬಿಗಿ ಸಡಿಲವಾಯಿತು. "ಉಂಡಿ ಏನ? ಉಣ್ಣದ ಅದನ್ನೇನ ಹಿಡಕೊಂಡ ನಿಂತಿ?" ಈರಪ್ಪ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದರು, ಪರದೆಯ ಮೇಲೆ ಒಲೆಯ ಮುಂದೆ ತಮ್ಮ ಬೆನ್ನು ಕಂಡು. ಕೊನೆಗೆ ಆ ಸೊಟ್ಟ ದೃಶ್ಯ, ಮೊಣಕೈ, ಎಳೆ, ಬೆರಳು. "ಬಿಗಿ ಹಿಡಿ. ಅದನ್ನ ನೋಡಬ್ಯಾಡ, ನನ್ನ ಕೈ ನೋಡ. ಹಾಂ. ಇನ್ನೊಂದ ಕೊಡು. ಹಾಂ. ಇನ್ನೊಂದ." ಅಷ್ಟೇ, ಬಹಳ ಹೊತ್ತು. ಕುರ್ಚಿಯಲ್ಲಿ ಕೂತ ನೀಲವ್ವನ ಬೆರಳುಗಳು ಮಡಿಲಲ್ಲಿ ತಾವಾಗಿ ಆಡುತ್ತಿದ್ದವು.

ಚಿತ್ರ ಮುಗಿಯಿತು. ಪವಿತ್ರಾ ಗೋಡೆಗೆ ಒರಗಿ ನಿಂತು ಅವ್ವನ ಬೆನ್ನನ್ನೇ ನೋಡುತ್ತಿದ್ದಳು. ಪಾಟೀಲ ಸರ್ ಎರಡು ಕಂತಿನಲ್ಲಿ ಕೆಮ್ಮಿದರು.

"ತಂಗಿ, ಮೊದಲನೇದು ನೋಡಿದವ್ರೆಲ್ಲಾ ಅತ್ತಾರ. ದೊಡ್ಡ ದೊಡ್ಡಾವ್ರು ಮೆಚ್ಚ್ಯಾರ. ಎರಡನೇದು ನಿಮ್ಮ ಮಗಳು ಮಾಡಿದ್ದು, ಖರೆ. ಆದ್ರ ಅದನ್ನ ಎಷ್ಟ ಮಂದಿ ತಿಳ್ಕೋತಾರೋ ಗೊತ್ತಿಲ್ಲ. ಧಾರವಾಡಕ್ಕ ಯಾವದ ಕಳಸೂಣ್ರಿ, ಯಾರ ಹೆಸರ್ಲೆ ಕಳಸೂಣು?"

ನೀಲವ್ವ ಎದ್ದರು, ಸೆರಗು ಸರಿಮಾಡಿಕೊಂಡರು, ಕಂಪ್ಯೂಟರಿನ ಹಿಂದಿದ್ದ ನನ್ನ ಕಡೆ ಬೆರಳು ತೋರಿಸಿದರು.

"ಅಲ್ಲಾ, ಅತ್ತಾವ್ರು ಈ ಸರ ಅಲ್ಲೇನ್ರಿ? ಅದಕ್ಕ ಇವರ ಹೆಸರ ಹಾಕಿ ಇವರವ್ವಗ ತೋರಸ್ರಿ. ಬೈದಾಕಿ ನಾ, ಬೈಸ್ಕೊಂಡಾಕಿ ನನ್ನ ಮಗಳು, ಧಾರವಾಡಕ್ಕ ಅದನ್ನ ಕಳಸ್ರಿ."